ಮುಟ್ಟು ನಿಂತರೆ ಮುಪ್ಪೇ?

ಮನೆಯ ಯಜಮಾನರಿಗೆ ಅರವತ್ತು ತುಂಬಿತೆಂದರೆ ಷಷ್ಟ್ಯಬ್ದಿ ಶಾಂತಿ. ಅಚ್ಚು ಹಾಕಿಸಿದ ಆಹ್ವಾನ ಪತ್ರಿಕೆ, ಹೋಮ, ಕಳಶಸ್ನಾನ, ಮತ್ತೊಮ್ಮೆ ಮಾಂಗಲ್ಯಧಾರಣೆ, ಬಂದವರಿಗೆಲ್ಲ ಹೋಳಿಗೆ ಊಟ. ಎಪ್ಪತ್ತಕ್ಕೆ ಭೀಮರಥ ಶಾಂತಿ. ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರ ದರ್ಶನ. ಈ ಎಲ್ಲ ಸಮಾರಂಭಗಳಲ್ಲೂ ಪಕ್ಕದ ಮಣೆಯ ಮೇಲೆ ಹೆಂಡತಿ ಕುಳಿತಿರುತ್ತಾಳೆ, ನಿಜ. ಆದರೆ ಲೆಕ್ಕಕ್ಕೆ ಹಿಡಿಯುವುದು ಗಂಡನ ವಯಸ್ಸನ್ನು. ಆಕೆಗೆ ಅರವತ್ತು ತುಂಬಿದ್ದು ಯಾವತ್ತು ಎಂಬುದು ಎಷ್ಟೋ ಮನೆಗಳಲ್ಲಿ ಯಾರ ನೆನಪಿನಲ್ಲೂ ಇರುವುದಿಲ್ಲ. ಗಂಡನನ್ನು ಕಳೆದುಕೊಂಡವಳಾದರಂತೂ ಮಣೆಯೂ ಇಲ್ಲ, ಶಾಂತಿಯೂ ಇಲ್ಲ.

ಹಾಗೆಂದು ಸಮಾಜ ಹೆಣ್ಣಿನ ವಯಸ್ಸಿನ ಲೆಕ್ಕ ಇಡುವುದೇ ಇಲ್ಲವೆ? ಖಂಡಿತ ಇಡುತ್ತದೆ, ಆದರೆ ಬೇರೆಯೇ ಗಡಿಯಾರದಲ್ಲಿ. ಹುಡುಗಿ ಮೈನೆರೆದಾಗ ಹಸೆಮಣೆಯ ಮೇಲೆ ಕೂರಿಸಿ ಆರತಿ ಎತ್ತುತ್ತಾರೆ. ಚಿಗಳಿ, ಕೊಬ್ಬರಿ-ಬೆಲ್ಲ ಕೊಡುತ್ತಾರೆ. ಬಸುರಾದಾಗ ಹಳೇ ಮೈಸೂರಿನ ಕಡೆ ಸೀಮಂತ, ಉತ್ತರ ಕರ್ನಾಟಕದಲ್ಲಿ ಕುಬಸ. ಹೆತ್ತ ಮೇಲೆ ಬಾಣಂತನ, ತೊಟ್ಟಿಲು. ಮುಟ್ಟು ಶುರುವಾದಂದಿನಿಂದ ಹೆರಿಗೆಯವರೆಗೆ ಪ್ರತಿ ಹೆಜ್ಜೆಗೂ ಒಂದೊಂದು ಹಾಡು, ಒಂದೊಂದು ತಿಂಡಿ. ಅದೇ ಮುಟ್ಟು ನಿಲ್ಲುವ ಹೊತ್ತಿಗೆ? ಆರತಿಯಿಲ್ಲ, ಹಾಡಿಲ್ಲ, ಮಾತು ಕೂಡ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ಇನ್ನೊಬ್ಬ ಹೆಂಗಸಿನ ಕಿವಿಯಲ್ಲಿ ಪಿಸುಗುಟ್ಟಿದರೆ ಅದೇ ಹೆಚ್ಚು. ಗರ್ಭಕ್ಕೆ ಕೆಲಸವಿರುವವರೆಗೆ ಹೆಣ್ಣಿಗೆ ವಯಸ್ಸು. ಅದು ಮುಗಿದ ಮೇಲೆ ಬರೀ ಮುಪ್ಪು ಎಂಬ ತೀರ್ಮಾನ ಈ ಮೌನದೊಳಗೇ ಇದೆ.

ಎರಡು ಅಳತೆಗೋಲು

ಸಿನಿಮಾ ಪರದೆಯ ಮೇಲೆ ಈ ತೀರ್ಮಾನ ಎಲ್ಲರ ಕಣ್ಣಿಗೂ ಕಾಣುತ್ತದೆ. 1957ರ ‘ಮದರ್ ಇಂಡಿಯಾ’ದಲ್ಲಿ ನರ್ಗಿಸ್ ತಾಯಿ, ಸುನಿಲ್ ದತ್ ಮಗ. ಇಬ್ಬರೂ ಹುಟ್ಟಿದ್ದು 1929ರ ಜೂನ್ ತಿಂಗಳಲ್ಲಿ! ಕನ್ನಡದಲ್ಲೇ ನೋಡಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ಪಂಢರಿಬಾಯಿ ನಾಯಕಿ. ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಮೂವತ್ತೆರಡು ವರ್ಷ ಕಳೆದು 1986ರಲ್ಲಿ ‘ಅನುರಾಗ ಅರಳಿತು’ ಬಂದಾಗ ರಾಜ್ ಇನ್ನೂ ನಾಯಕ. ಪಂಢರಿಬಾಯಿ ಆ ನಾಯಕನ ತಾಯಿ. ಇದು ಆ ಹಿರಿಯ ಕಲಾವಿದರಲ್ಲಿ ಯಾರ ತಪ್ಪೂ ಅಲ್ಲ. ಟಿಕೆಟ್ ಕೊಂಡು ನೋಡಿದ ಲಕ್ಷಾಂತರ ಜನರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ ಎಂಬುದೇ ಗಮನಿಸಬೇಕಾದ ಸಂಗತಿ.

ಪರದೆಯ ಮಾತು ಬಿಡಿ, ಕಾನೂನಿನ ಪುಟಗಳಲ್ಲೂ ಇದೇ ಅಳತೆ ಕಾಣಿಸಿಕೊಂಡಿತ್ತು. ಏರ್ ಇಂಡಿಯಾದ ಗಗನಸಖಿಯರು 35ಕ್ಕೇ ನಿವೃತ್ತರಾಗಬೇಕೆಂಬ ನಿಯಮ ಒಂದು ಕಾಲದಲ್ಲಿತ್ತು; ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಥವಾ ಮೊದಲ ಸಲ ಗರ್ಭಿಣಿಯಾದರೆ ಅದಕ್ಕೂ ಮೊದಲೇ ಮನೆಗೆ. ನರ್ಗೇಶ್ ಮಿರ್ಜಾ ಮೊಕದ್ದಮೆಯಲ್ಲಿ 1981ರಲ್ಲಿ ಸುಪ್ರೀಂ ಕೋರ್ಟು ಗರ್ಭಿಣಿಯನ್ನು ಮನೆಗೆ ಕಳಿಸುವ ನಿಯಮವನ್ನು ತಳ್ಳಿಹಾಕಿತು. ಆದರೆ 35 ವರ್ಷವೆಂಬ ನಿವೃತ್ತಿಯ ಅಂಚನ್ನು ತಪ್ಪೆನ್ನಲಿಲ್ಲ. ಆ ವಯಸ್ಸಿನಲ್ಲಿ ಗಂಡು ನೌಕರರಿಗೆ ಬಡ್ತಿಯ ಏಣಿ ಆಗತಾನೆ ಆರಂಭವಾಗಿರುತ್ತಿತ್ತು.

ಒಡಲೊಳಗಿನ ಲೆಕ್ಕ

ಸಮಾಜದ ಗಡಿಯಾರ ಹೀಗಿದ್ದರೆ ಶರೀರದ ಗಡಿಯಾರ ಏನು ಹೇಳುತ್ತದೆ? ಹೆಣ್ಣು ಶಿಶು ತಾಯಿಯ ಗರ್ಭದಲ್ಲಿ ಐದು ತಿಂಗಳು ಬೆಳೆಯುವಷ್ಟರಲ್ಲಿ ಅದರ ಪುಟ್ಟ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣುಗಳು ತಯಾರಾಗಿರುತ್ತವೆ. ಅಲ್ಲಿಂದ ಮುಂದೆ ಬರೀ ಖರ್ಚು. ಹುಟ್ಟುವಾಗ ಉಳಿಯುವುದು 10ರಿಂದ 20 ಲಕ್ಷ. ಮೈನೆರೆಯುವ ವೇಳೆಗೆ ಮೂರು-ನಾಲ್ಕು ಲಕ್ಷ. ಇವುಗಳಲ್ಲಿ ಪಕ್ವವಾಗಿ ಹೊರಬರುವುದು ಇಡೀ ಆಯುಸ್ಸಿನಲ್ಲಿ ಸುಮಾರು 400 ಮಾತ್ರ. ಉಳಿದವು ತಮ್ಮಷ್ಟಕ್ಕೆ ಕರಗಿಹೋಗುತ್ತವೆ. ದಾಸ್ತಾನು ಸುಮಾರು ಒಂದು ಸಾವಿರಕ್ಕೆ ಇಳಿದಾಗ ಅಂಡಾಶಯ ತನ್ನ ಕೆಲಸ ನಿಲ್ಲಿಸುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನಿನ ಮಟ್ಟ ಕುಸಿಯುತ್ತದೆ. ಒಂದು ವರ್ಷವಿಡೀ ಮುಟ್ಟು ಬಾರದಿದ್ದರೆ ಅದನ್ನು ಋತುಬಂಧವೆನ್ನುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು 51. ಭಾರತದಲ್ಲಿ 46ರ ಆಸುಪಾಸು.

ಈ ಬದಲಾವಣೆ ಸದ್ದಿಲ್ಲದೆ ಆಗುವಂಥದಲ್ಲ. ಇದ್ದಕ್ಕಿದ್ದಂತೆ ಮುಖ, ಎದೆ, ಕತ್ತು ಬಿಸಿಯೇರಿ ಬೆವರು ಹರಿಯುತ್ತದೆ. ಇಸ್ತ್ರಿಪೆಟ್ಟಿಗೆಯ ಬಿಸಿಯನ್ನು ಥರ್ಮೋಸ್ಟಾಟ್ ನಿಯಂತ್ರಿಸುವಂತೆ ಮೈಯ ಬಿಸಿಯನ್ನು ನಿಯಂತ್ರಿಸುವುದು ಮಿದುಳಿನ ಹೈಪೋಥಲಮಸ್. ಈಸ್ಟ್ರೋಜನ್ ಕುಸಿದಾಗ ಅದು ಅತಿಸೂಕ್ಷ್ಮವಾಗುತ್ತದೆ. ಮೈಬಿಸಿ ಕೂದಲೆಳೆಯಷ್ಟು ಏರಿದರೂ ಸಾಕು, ಸುಡುಬಿಸಿಲಿನಲ್ಲಿ ನಿಂತಂತೆ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ. ರಾತ್ರಿ ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟವರಿಗೆ ಸಿಡುಕು ಬರುವುದು ಸಹಜ. ಕೀಲು ನೋಯುತ್ತದೆ, ಮರೆವು ಕಾಡುತ್ತದೆ. ಇದು ಕೆಲವರಲ್ಲಿ ಏಳೆಂಟು ವರ್ಷ ನಡೆಯುವುದೂ ಉಂಟು. ಮನೆಯವರಿಗೆ ಕಾಣುವುದು ಮಾತ್ರ ‘ಅಮ್ಮನ ಸಿಡುಕು’ ಒಂದೇ. ಅದರ ಹಿಂದಿನ ಕಾರಣ ಗಂಡನಿಗೂ ಗೊತ್ತಿಲ್ಲ, ಮಕ್ಕಳಿಗೂ ಗೊತ್ತಿಲ್ಲ. ಎಷ್ಟೋ ವೇಳೆ ಸ್ವತಃ ಆಕೆಗೂ ಗೊತ್ತಿಲ್ಲ.

ಇನ್ನು ಗಂಡಸಿಗೆ ವಯಸ್ಸಾಗುವುದೇ ಇಲ್ಲವೆಂಬ ನಂಬಿಕೆ. ಅದೂ ಅರ್ಧಸತ್ಯ. ವೀರ್ಯಾಣುಗಳ ಉತ್ಪಾದನೆ ಮುಪ್ಪಿನವರೆಗೂ ನಡೆಯುತ್ತದೆ, ಸರಿ. ಆದರೆ ಐಸ್‌ಲೆಂಡಿನ ಕುಟುಂಬಗಳ ಡಿಎನ್‌ಎ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಂದೆಯ ವಯಸ್ಸು ಒಂದೊಂದು ವರ್ಷ ಹೆಚ್ಚಿದಂತೆ ಮಗುವಿಗೆ ಸುಮಾರು ಎರಡೆರಡು ಹೊಸ ಜೀನ್ ದೋಷಗಳು ಹೆಚ್ಚುವರಿಯಾಗಿ ದಾಟುತ್ತವೆ. ಬಹುಪಾಲು ನಿರುಪದ್ರವಿ, ಆದರೆ ಎಲ್ಲವೂ ಅಲ್ಲ. ಕಾಲ ಗಂಡಸನ್ನು ಬಿಟ್ಟಿಲ್ಲ. ಸಮಾಜ ಬಿಟ್ಟಿದೆ ಅಷ್ಟೆ.

ರೋಗವೋ, ಬಿಡುಗಡೆಯೋ?

‘ಮೆನೋಪಾಸ್’ ಎಂಬ ಪದ ಹುಟ್ಟಿದ್ದು ಫ್ರಾನ್ಸಿನಲ್ಲಿ. ಶಾರ್ಲ್ ದ ಗಾರ್ಡಾನ್ ಎಂಬ ವೈದ್ಯ 1821ರಲ್ಲಿ ಈ ಪದವನ್ನು ಬಳಕೆಗೆ ತಂದ. ಅಲ್ಲಿಂದ ಪಶ್ಚಿಮದಲ್ಲಿ ಈ ಸಹಜ ಘಟ್ಟ ಮೆಲ್ಲಮೆಲ್ಲನೆ ಆಸ್ಪತ್ರೆಯ ಬಾಗಿಲು ಹೊಕ್ಕಿತು. ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಾತ್ರೆ ‘ಪ್ರೆಮರಿನ್’ ಅಮೆರಿಕದಲ್ಲಿ 1942ರಲ್ಲಿ ಮಾರಾಟಕ್ಕೆ ಬಂತು. 1966ರಲ್ಲಿ ನ್ಯೂಯಾರ್ಕಿನ ವೈದ್ಯ ರಾಬರ್ಟ್ ವಿಲ್ಸನ್ ‘ಫೆಮಿನೈನ್ ಫಾರೆವರ್’ ಎಂಬ ಪುಸ್ತಕ ಬರೆದು, ಋತುಬಂಧವೆಂದರೆ ಹಾರ್ಮೋನಿನ ಕೊರತೆಯಿಂದ ಬರುವ ರೋಗ, ಮಾತ್ರೆ ನುಂಗಿದರೆ ಹೆಣ್ತನ ಕೊನೆಯವರೆಗೂ ಉಳಿಯುತ್ತದೆ ಎಂದು ಸಾರಿದ. ಪುಸ್ತಕ ಬಿಸಿದೋಸೆಯಂತೆ ಖರ್ಚಾಯಿತು. 1975ರ ಹೊತ್ತಿಗೆ ಈಸ್ಟ್ರೋಜನ್ ಮಾತ್ರವನ್ನೇ ನುಂಗುವವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುವುದು ಪತ್ತೆಯಾಯಿತು. 2002ರಲ್ಲಿ ಅಮೆರಿಕದ ಬೃಹತ್ ಸಂಶೋಧನೆಯೊಂದರಲ್ಲಿ, ಎರಡು ಹಾರ್ಮೋನುಗಳನ್ನು ಕೂಡಿಸಿ ಕೊಡುತ್ತಿದ್ದ ಭಾಗವನ್ನು ಸ್ತನ ಕ್ಯಾನ್ಸರ್ ಹಾಗೂ ಹೃದ್ರೋಗದ ಅಪಾಯ ಕಂಡು ನಡುವೆಯೇ ನಿಲ್ಲಿಸಲಾಯಿತು. ಆಗ ಹೆದರಿ ಎಲ್ಲರೂ ಮಾತ್ರೆ ಬಿಟ್ಟರು. ಈಗಿನ ತಿಳಿವಳಿಕೆ ಎರಡು ಅತಿಗಳ ನಡುವೆ ಬಂದು ನಿಂತಿದೆ. ಋತುಬಂಧವಾಗಿ ಹತ್ತು ವರ್ಷದೊಳಗಿನ, ಅರವತ್ತು ದಾಟದ, ತೀವ್ರ ತೊಂದರೆಯಿರುವ ಆರೋಗ್ಯವಂತ ಮಹಿಳೆಯರಿಗೆ ವೈದ್ಯರ ನಿಗಾದಲ್ಲಿ ಹಾರ್ಮೋನು ಕೊಡುವುದರಿಂದ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು. ಅದು ತೊಂದರೆಗೆ ಮದ್ದೇ ಹೊರತು ವಯಸ್ಸಿಗೆ ಮದ್ದಲ್ಲ.

ಇದಕ್ಕೆ ಪೂರಾ ವಿರುದ್ಧವಾದ ಚಿತ್ರ ಭಾರತದಲ್ಲೇ ಸಿಕ್ಕಿತು. ಮಾರ್ಷಾ ಫ್ಲಿಂಟ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶಗಳ ಸುಮಾರು 480 ರಜಪೂತ ಮಹಿಳೆಯರನ್ನು ಮಾತನಾಡಿಸಿ 1975ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಮುಟ್ಟು ಹೆಚ್ಚುಕಡಿಮೆಯಾಗಿ ನಿಂತದ್ದನ್ನು ಬಿಟ್ಟರೆ ತೊಂದರೆ ಹೇಳಿಕೊಂಡವರು ತೀರಾ ಕಡಿಮೆ. ಕಾರಣವೇನು? ಮುಟ್ಟು ನಿಂತ ಮೇಲೆ ಆ ಮಹಿಳೆಯರು ಪರದೆಯಿಂದ ಹೊರಬರಬಹುದಿತ್ತು. ಗಂಡಸರು ಕೂತಲ್ಲಿ ತಾವೂ ಕೂತು ಮಾತನಾಡಬಹುದಿತ್ತು, ನಗಬಹುದಿತ್ತು. ಅವರ ಪಾಲಿಗೆ ಅದು ಕಳೆದುಕೊಂಡ ಕಾಲವಲ್ಲ, ಬಿಡುಗಡೆಯ ಕಾಲ. ಮುಂದಿನ ಅಧ್ಯಯನಗಳಲ್ಲಿ ಭಾರತದ ಮಹಿಳೆಯರೂ ಮೈಬಿಸಿ, ಕೀಲುನೋವುಗಳನ್ನು ಹೇಳಿಕೊಂಡಿದ್ದಾರೆ. ಆದ್ದರಿಂದ ಗೌರವ ಸಿಕ್ಕರೆ ನೋವೇ ಇರುವುದಿಲ್ಲ ಎನ್ನಲಾಗದು. ಆದರೆ ಶರೀರದ ಬದಲಾವಣೆ ಒಂದೇ ಆದರೂ ಅದನ್ನು ಶಿಕ್ಷೆಯಾಗಿಸುವುದು ಅಥವಾ ಬಹುಮಾನವಾಗಿಸುವುದು ಸುತ್ತಲಿನ ಸಮಾಜ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ನಿಸರ್ಗದ ಅಜ್ಜಿಯರು

ಹೆರುವುದಕ್ಕಷ್ಟೇ ಹೆಣ್ಣಾದರೆ ಹೆರಲಾಗದ ಮೇಲೂ ನಿಸರ್ಗ ಅವಳನ್ನು ದಶಕಗಟ್ಟಲೆ ಬದುಕಿಸುವುದೇಕೆ? ಹಸು, ಕುದುರೆ, ಆನೆಗಳು ಬಾಳಿನ ಬಹುಭಾಗ ಮರಿ ಹಾಕುತ್ತಲೇ ಇರುತ್ತವೆ. ಅವುಗಳಲ್ಲಿ ‘ಅಜ್ಜಿಯ ಕಾಲ’ ಎಂಬುದು ಪ್ರತ್ಯೇಕವಾಗಿಲ್ಲ. ಮನುಷ್ಯರನ್ನು ಬಿಟ್ಟರೆ ಈ ದೀರ್ಘ ಘಟ್ಟ ಸ್ಪಷ್ಟವಾಗಿ ಕಂಡದ್ದು ಹಲ್ಲುಳ್ಳ ತಿಮಿಂಗಿಲಗಳ ಐದು ಜಾತಿಗಳಲ್ಲಿ. ಅವುಗಳಲ್ಲೊಂದು ಓರ್ಕಾ. ಹೆಣ್ಣು ಓರ್ಕಾ ನಲವತ್ತರ ಸುಮಾರಿಗೆ ಮರಿ ಹಾಕುವುದನ್ನು ನಿಲ್ಲಿಸಿ ಎಂಬತ್ತರವರೆಗೂ ಬದುಕಬಲ್ಲದು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇವುಗಳನ್ನು ದಶಕಗಳ ಕಾಲ ಗಮನಿಸಿದ ವಿಜ್ಞಾನಿಗಳು 2015ರಲ್ಲಿ ಒಂದು ಸ್ವಾರಸ್ಯ ಪ್ರಕಟಿಸಿದರು. ಸಾಲ್ಮನ್ ಮೀನಿನ ಬರ ಬಂದ ವರ್ಷಗಳಲ್ಲಿ ಹಿಂಡಿನ ಮುಂದೆ ಈಜಿ ದಾರಿ ತೋರಿಸುವುದು ಹೆಚ್ಚಾಗಿ ಈ ಮುದುಕಿಯರೇ! ಮೀನು ಎಲ್ಲಿ, ಯಾವಾಗ ಸಿಕ್ಕೀತೆಂಬ ನೆನಪು ಅವುಗಳ ತಲೆಯಲ್ಲಿರುತ್ತದೆ. ಅಂಥ ತಾಯಿ ಸತ್ತರೆ, ಮೂವತ್ತು ದಾಟಿದ ಗಂಡುಮಗ ಕೂಡ ಮುಂದಿನ ಒಂದು ವರ್ಷದಲ್ಲಿ ಸಾಯುವ ಸಂಭವ ಹದಿನಾಲ್ಕು ಪಟ್ಟು ಹೆಚ್ಚುತ್ತದೆ ಎಂದು 2012ರ ಅಧ್ಯಯನ ತೋರಿಸಿತ್ತು.

ಮನುಷ್ಯರಲ್ಲೂ ಇಂಥದೇ ಲೆಕ್ಕವಿದೆ. ತಡವಾಗಿ ತಾನೇ ಹೆತ್ತು ಸಾಯುವುದಕ್ಕಿಂತ, ಹೆರುವುದನ್ನು ನಿಲ್ಲಿಸಿ ಈಗಾಗಲೇ ಹುಟ್ಟಿರುವವರನ್ನು ಕಾಪಾಡುವುದು ಲಾಭಕರ ಎಂಬ ವಿಚಾರವನ್ನು 1957ರಲ್ಲೇ ಜೀವವಿಜ್ಞಾನಿ ಜಾರ್ಜ್ ವಿಲಿಯಮ್ಸ್ ಮುಂದಿಟ್ಟಿದ್ದರು. 1980ರ ದಶಕದಲ್ಲಿ ಟಾಂಜಾನಿಯಾದ ಹಾಡ್ಜಾ ಬುಡಕಟ್ಟಿನವರ ನಡುವೆ ಕ್ರಿಸ್ಟೆನ್ ಹಾಕ್ಸ್ ಮತ್ತು ಸಂಗಡಿಗರು ಕಂಡದ್ದು, ಗಟ್ಟಿ ನೆಲ ಅಗೆದು ಗೆಡ್ಡೆ ಕೀಳುವ ಅಜ್ಜಿಯರನ್ನು. ತಾಯಿ ಹಸುಗೂಸಿಗೆ ಹಾಲೂಡಿಸುತ್ತ ಕೂತಾಗ ದೊಡ್ಡ ಮಕ್ಕಳ ಮೈತೂಕ ಅಜ್ಜಿಯ ದುಡಿಮೆಯನ್ನು ಅವಲಂಬಿಸಿತ್ತು. ಫಿನ್ಲೆಂಡ್ ಮತ್ತು ಕೆನಡಾದ ಹಳೆಯ ಚರ್ಚು ದಾಖಲೆಗಳನ್ನು ಜಾಲಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೀಗೇ ಹೇಳಿತು: ಐವತ್ತು ದಾಟಿದ ಮೇಲೆ ಮಹಿಳೆ ಬದುಕಿದ ಪ್ರತಿ ಹತ್ತು ವರ್ಷಕ್ಕೆ ಸರಾಸರಿ ಇಬ್ಬರು ಹೆಚ್ಚು ಮೊಮ್ಮಕ್ಕಳು.

ಹಿಂದಿನ ಕಾಲದಲ್ಲಿ ನಲವತ್ತಕ್ಕೇ ಜನ ಸಾಯುತ್ತಿದ್ದರಲ್ಲ, ಅಜ್ಜಿಯರೆಲ್ಲಿದ್ದರು ಎಂದು ಕೇಳುವವರಿದ್ದಾರೆ. ಸರಾಸರಿ ಆಯುಸ್ಸು ಕಡಿಮೆಯಿದ್ದುದು ಮುಖ್ಯವಾಗಿ ಎಳೆಯ ಮಕ್ಕಳ ಸಾವಿನಿಂದ. ಆಧುನಿಕ ವೈದ್ಯ ಸೌಲಭ್ಯವಿಲ್ಲದ ಹಾಡ್ಜಾಗಳಲ್ಲೂ 45 ಮುಟ್ಟಿದ ಹೆಂಗಸು ಸರಾಸರಿ ಇನ್ನೂ ಇಪ್ಪತ್ತು ವರ್ಷದಷ್ಟು ಬದುಕುತ್ತಾಳೆ. ಹಾಗೆಂದು ಚರ್ಚೆ ಮುಗಿದಿಲ್ಲ. ಉಗಾಂಡಾದ ಒಂದು ಕಾಡಿನ ಚಿಂಪಾಂಜಿಗಳಲ್ಲೂ ಋತುಬಂಧ ಇರುವುದು 2023ರಲ್ಲಿ ತಿಳಿದುಬಂತು. ಅಲ್ಲಿ ಅಜ್ಜಿಯರು ಮೊಮ್ಮಕ್ಕಳನ್ನು ಸಾಕುವುದಿಲ್ಲ. ಕಾರಣಗಳ ಬಗ್ಗೆ ಭಿನ್ನಾಭಿಪ್ರಾಯವಿರಲಿ. ಋತುಬಂಧದ ನಂತರದ ಬದುಕು ಮನುಷ್ಯ ಜಾತಿಗೆ ಆಕಸ್ಮಿಕವಾಗಿ ಸಿಕ್ಕ ಕೊಸರಲ್ಲ ಎಂಬುದು ಮಾತ್ರ ಸ್ಪಷ್ಟ.

ಇಷ್ಟು ಕೇಳಿದೊಡನೆ ಅಜ್ಜಿಯನ್ನು ಪುಕ್ಕಟೆ ಆಯಾ ಮಾಡಿಬಿಡುವ ಜಾಣರೂ ಉಂಟು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹಾರಿ, ಚಳಿಯಲ್ಲಿ ಆರು ತಿಂಗಳು ನಾಲ್ಕು ಗೋಡೆಗಳ ನಡುವೆ ಕಳೆದು ಬರುವ ತಾಯಂದಿರು ಬೆಂಗಳೂರು, ಮೈಸೂರುಗಳ ಬೀದಿ ಬೀದಿಯಲ್ಲಿದ್ದಾರೆ. ಅವರಲ್ಲಿ ಎಷ್ಟು ಮಂದಿಯನ್ನು ‘ನಿನಗೆ ಮಂಡಿನೋವು ಹೇಗಿದೆಯಮ್ಮಾ’ ಎಂದು ಕೇಳಲಾಗುತ್ತದೆ?

ಬೇಡವಾದ ಚೀಲ

ಹೆತ್ತು ಮುಗಿದ ಮೇಲೆ ಗರ್ಭ ಬೇಡದ ವಸ್ತು ಎಂಬ ಭಾವನೆ ಬರೀ ಭಾವನೆಯಾಗಿ ಉಳಿದಿಲ್ಲ. ಅದು ಕತ್ತರಿ ಹಿಡಿದು ಆಪರೇಷನ್ ಕೋಣೆಗೂ ಹೋಗಿದೆ. ‘ಮಕ್ಕಳಾಯ್ತಲ್ಲ, ತೆಗೆಸಿಬಿಡಿ, ಇಟ್ಟುಕೊಂಡರೆ ಕ್ಯಾನ್ಸರ್ ಆದೀತು’ ಎಂಬ ಒಂದು ಮಾತು ಸಾಕು. ಸಾಲ ಮಾಡಿ, ಕಿವಿಯೋಲೆ ಅಡವಿಟ್ಟು ಗರ್ಭಕೋಶ ತೆಗೆಸಿಕೊಂಡವರು ಹಳ್ಳಿ ಹಳ್ಳಿಯಲ್ಲೂ ಸಿಗುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ನೂರು ಮಹಿಳೆಯರಲ್ಲಿ ಮೂವರಿಗಿಂತ ಹೆಚ್ಚು ಮಂದಿಗೆ ಈ ಶಸ್ತ್ರಚಿಕಿತ್ಸೆಯಾಗಿದೆ. ಹೆಚ್ಚಿನವು ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ.

2015ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಮಹಿಳೆಯರ ವಿಷಯ ಹೊರಬಿತ್ತು. ಹೊಟ್ಟೆನೋವು, ಬಿಳುಪು ಎಂದು ಆಸ್ಪತ್ರೆಗೆ ಹೋದವರು ಗರ್ಭಕೋಶ ಕಳೆದುಕೊಂಡು ಬಂದಿದ್ದರು. ಅವರಲ್ಲಿ ನಲವತ್ತು ತುಂಬದವರೂ ಇದ್ದರು. ಆರೋಗ್ಯ ಇಲಾಖೆ ತನಿಖೆ ನಡೆಸಿತು. ಮಹಿಳೆಯರು ಬೀದಿಗಿಳಿದು ನ್ಯಾಯ ಕೇಳಿದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸುಮಾರು 82 ಸಾವಿರ ಮಹಿಳೆಯರನ್ನು 2019ರಲ್ಲಿ ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವಿರಲಿಲ್ಲ. ಮುಟ್ಟಿನ ನೋವಿಗೆ ಒಂದು ದಿನ ರಜೆ ಹಾಕಿದರೆ ಗುತ್ತಿಗೆದಾರ ದಂಡ ಹಿಡಿಯುತ್ತಿದ್ದುದೂ ಅದಕ್ಕೆ ಒಂದು ಕಾರಣ. ವೈದ್ಯ ನರೇಂದ್ರ ಗುಪ್ತಾ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು.

ಗರ್ಭಕೋಶದೊಂದಿಗೆ ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜನ್ ಒಂದೇ ದಿನದಲ್ಲಿ ನಿಂತುಹೋಗುತ್ತದೆ. ಅಂಡಾಶಯ ಉಳಿಸಿದರೂ ಋತುಬಂಧ ಕೆಲವು ವರ್ಷ ಬೇಗ ಬರುವುದುಂಟು. ಮೂವತ್ತೈದರ ಹೆಣ್ಣಿಗೆ ಐವತ್ತರ ಮೂಳೆ, ಐವತ್ತರ ಹೃದಯ! ಸಮಾಜ ಮೊದಲು ಬಾಯಿಮಾತಿನಲ್ಲಿ ಹೊರಿಸಿದ ಮುಪ್ಪು ಆಮೇಲೆ ನಿಜವಾಗಿಯೇ ಮೈಗೆ ಬರುತ್ತದೆ.

ತಿಳಿದಿರಬೇಕಾದ್ದು

ಮೌನಕ್ಕೆ ತೆರಬೇಕಾದ ಬೆಲೆ ಇನ್ನೂ ಇದೆ. ಋತುಬಂಧವಾಗಿ ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ‘ಮತ್ತೆ ಮುಟ್ಟಾಯಿತು’ ಎಂದು ಕಡೆಗಣಿಸಬಾರದು. ಬಹಳಷ್ಟು ಸಲ ಕಾರಣ ಸಣ್ಣದಿರಬಹುದು. ಆದರೆ ಕ್ಯಾನ್ಸರಿನ ಮೊದಲ ಸೂಚನೆಯೂ ಅದೇ ಆಗಿರಬಹುದು. ಬೇಗ ತೋರಿಸಿದರೆ ಗುಣವಾಗುವ ಸಂಭವ ಹೆಚ್ಚು. ‘ಈ ವಯಸ್ಸಿನಲ್ಲಿ ಇದನ್ನು ಯಾರ ಹತ್ತಿರ ಹೇಳಲಿ’ ಎಂಬ ಸಂಕೋಚದಲ್ಲೇ ತಿಂಗಳುಗಳು ಉರುಳಿಬಿಡುತ್ತವೆ.

ಋತುಬಂಧದ ನಂತರದ ಐದಾರು ವರ್ಷಗಳಲ್ಲಿ ಕೆಲವರ ಮೂಳೆಯ ಸಾಂದ್ರತೆ ನೂರಕ್ಕೆ ಇಪ್ಪತ್ತರಷ್ಟು ಇಳಿಯಬಹುದು. ಬಚ್ಚಲಲ್ಲಿ ಜಾರಿದ್ದೇ ನೆಪವಾಗಿ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರ ಕಥೆ ಪ್ರತಿ ಊರಿನಲ್ಲೂ ಇದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ರಾಗಿ, ಹಾಲು, ಸೊಪ್ಪು, ಒಂದಿಷ್ಟು ಬಿಸಿಲು, ದಿನಾ ನಡಿಗೆ — ಇವು ದುಬಾರಿ ಔಷಧಗಳಲ್ಲ. ಆದರೆ ಎಲ್ಲರಿಗೂ ಬಡಿಸಿ ತಳದಲ್ಲುಳಿದದ್ದನ್ನು ಉಣ್ಣುವವಳಿಗೆ ಹಾಲಿನ ಲೋಟ ಕೊಡುವವರು ಯಾರು? ಈಸ್ಟ್ರೋಜನ್ ಕೊಡುತ್ತಿದ್ದ ಆಸರೆ ತಪ್ಪಿದ ಮೇಲೆ ಹೃದಯಾಘಾತದ ಅಪಾಯವೂ ಏರುತ್ತದೆ. ಎದೆಯುರಿ, ಸುಸ್ತು, ಬೆನ್ನುನೋವು ಎಂದಾಗ ಗ್ಯಾಸಿನ ಮಾತ್ರೆ ಕೊಟ್ಟು ಮಲಗಿಸುವುದು ಅಪಾಯಕಾರಿ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಒಂದು ಒಳ್ಳೆಯ ಮಾತು ಹೇಳಿತು. ಪಡಿತರ ಚೀಟಿಯ ಮಟ್ಟಿಗೆ, ಹದಿನೆಂಟು ದಾಟಿದ ಹೆಣ್ಣುಮಕ್ಕಳಲ್ಲಿ ಹಿರಿಯಳಾದವಳೇ ಮನೆಯ ಯಜಮಾನಿ. ಕರ್ನಾಟಕದಲ್ಲಿ 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಯಜಮಾನಿಯ ಹೆಸರಿಗೇ ಬಂದಾಗ, ಅತ್ತೆಯೋ ಸೊಸೆಯೋ ಎಂಬ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಎದ್ದಿತು. ಜಗಳವಾದದ್ದೂ ಉಂಟು. ಆದರೂ ಮೂಲೆಯಲ್ಲಿ ಕೂತಿದ್ದ ಹಿರಿಯಳ ಹೆಸರನ್ನು ಒಂದು ಸಲವಾದರೂ ಮನೆಮಂದಿ ಗಟ್ಟಿಯಾಗಿ ಓದಬೇಕಾಯಿತು.

ನಲವತ್ತಾರಕ್ಕೆ ಮುಟ್ಟು ನಿಂತ ಭಾರತೀಯ ಮಹಿಳೆಯ ಮುಂದೆ ಸರಾಸರಿ ಇನ್ನೂ ಮೂವತ್ತು ವರ್ಷದ ಆಯುಸ್ಸಿದೆ. ಹುಟ್ಟಿನಿಂದ ಮದುವೆಯವರೆಗಿನ ಕಾಲಕ್ಕಿಂತಲೂ ಅದು ದೀರ್ಘ. ಅಷ್ಟು ದೊಡ್ಡ ಪಾಲನ್ನು ‘ಇನ್ನೇನು, ಆಯ್ತಲ್ಲ’ ಎಂಬ ಒಂದೇ ಮಾತಿನಲ್ಲಿ ಅಳಿಸಿಹಾಕುವುದು ಲೆಕ್ಕದ ದೃಷ್ಟಿಯಿಂದಲೂ ತಪ್ಪು. ಆರತಿ, ಹೋಳಿಗೆ ಇಲ್ಲದಿದ್ದರೂ ನಡೆದೀತು. ಈ ವಾರ ಮನೆಯ ಹಿರಿಯ ಹೆಣ್ಣನ್ನು ರಕ್ತದೊತ್ತಡ, ಮೂಳೆಯ ಪರೀಕ್ಷೆಗೆ ಕರೆದೊಯ್ಯಲು ಒಬ್ಬರು ಅರ್ಧ ದಿನ ರಜೆ ಹಾಕಿದರೆ ಸಾಕು. ಹಾಗೇ ದಾರಿಯಲ್ಲಿ, ಆಕೆಗೆ ಅರವತ್ತು ತುಂಬುವುದು ಎಂದು ಎಂಬುದನ್ನೂ ಕೇಳಿ ತಿಳಿದುಕೊಳ್ಳಬಹುದು.